ಪ್ರಜೆಯೂ ಪೌರನೂ: ಬ್ರಿಟಿಷ್ ಪ್ರಜಾತ್ವದ ಚರಿತ್ರೆ

೧. ಪೀಠಿಕೆ

ಒಂದು ರಾಜ್ಯಕ್ಕೆ ಸೇರಿದವನನ್ನು ಸೂಚಿಸಲು ಕನ್ನಡದಲ್ಲಿ 'ಪ್ರಜೆ' ಎಂದೂ 'ಪೌರ' ಎಂದೂ ಎರಡು ಶಬ್ದಗಳು ಬಳಕೆಯಲ್ಲಿರುವುವು. ಇವೆರಡೂ ಸಂಸ್ಕೃತದಿಂದ ಬಂದವು. ಆದರೆ ಇವುಗಳ ಮೂಲಾರ್ಥಗಳು ಬೇರೆ ಬೇರೆ. 'ಪ್ರಜಾ' ಶಬ್ದಕ್ಕೆ ಮೊದಲ ಅರ್ಥ ಸಂತಾನವೆಂದು. ಅರಸನು ತಂದೆ, ಆಳಿಸಿಕೊಳ್ಳುವವರು ಮಕ್ಕಳು ಎಂಬ ಭಾವನೆಯು ಆ ಶಬ್ದದಲ್ಲಿಯೇ ಅಡಗಿದೆ. 'ಪೌರ' ಎಂದರೆ ಪುರಕ್ಕೆ ಸೇರಿದವನು. ಅವನ ಸಂಬಂಧವು ವ್ಯಕ್ತಿಯೊಡನೆ ಅಲ್ಲ, ಊರಿನೊಡನೆ, ಆ ಊರಿನ ಹಕ್ಕುಬಾಧ್ಯತೆಗಳೊಡನೆ. ಇಂಗ್ಲಿಷಿನಲ್ಲಿ 'ಸಬ್ಜೆಕ್ಟ್' ಮತ್ತು 'ಸಿಟಿಜನ್' ಎಂಬ ಎರಡು ಶಬ್ದಗಳಿಗೂ ಇಂಥದೇ ಭೇದವುಂಟು. ಬ್ರಿಟನ್ನಿನ ಶಾಸನಗಳು ಸುಮಾರು ನಾಲ್ಕು ಶತಮಾನಗಳ ಅವಧಿಯಲ್ಲಿ ಮೊದಲನೆಯ ಶಬ್ದದಿಂದ ಎರಡನೆಯ ಶಬ್ದಕ್ಕೆ ಮೆಲ್ಲಮೆಲ್ಲನೆ ಸರಿದು ಬಂದುವು. ಈ ಸರಿತವು ಹೇಗಾಯಿತು, ಅದರಲ್ಲಿ ಹೊರಗಿನವರು ಒಳಗಾದ ಬಗೆ ಯಾವುದು, ಒಳಗಿದ್ದವರೇ ಹೊರಗಾದ ಸಂದರ್ಭಗಳಾವುವು ಎಂಬುದೇ ಈ ಲೇಖನದ ವಿಚಾರ.

ಈ ವಿಚಾರವು ಬರಿಯ ನ್ಯಾಯಶಾಸ್ತ್ರದ ಕುತೂಹಲವಲ್ಲ. ಇಂದು ಬ್ರಿಟಿಷ್ ಪೌರತ್ವವನ್ನು ಬಯಸುವವನು ಆ ದೇಶದ ಚರಿತ್ರೆ, ಆಚಾರ, ಆಡಳಿತಗಳಲ್ಲಿ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಬೇಕು. ಅನಂತರ ರಾಜನ ಹೆಸರಿನಲ್ಲಿ ಪ್ರಮಾಣ ಮಾಡಬೇಕು. ಆ ಪರೀಕ್ಷೆಯ ಪಠ್ಯದಲ್ಲಿ ಮಹಾಸನ್ನದು, ಹಕ್ಕುಗಳ ಶಾಸನ, ಪಾರ್ಲಿಮೆಂಟು ಮುಂತಾದವುಗಳ ಕಥೆಯು ಕ್ರಮವಾಗಿ ಬಂದಿದೆ. ಆದರೆ ಅಭ್ಯರ್ಥಿಯು ನಿಂತಿರುವ ಬಾಗಿಲಿಗೇ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಅರಿಯದೆ ಮಿಕ್ಕ ಚರಿತ್ರೆಯ ಅರ್ಥವು ಪೂರ್ಣವಾಗುವುದಿಲ್ಲ.

೨. ರಾಜನಿಷ್ಠೆಯ ನ್ಯಾಯ

೧೬೦೩ರಲ್ಲಿ ಎಲಿಜಬೆತ್ ರಾಣಿಯು ಸಂತಾನವಿಲ್ಲದೆ ತೀರಿಕೊಳ್ಳಲು, ಸ್ಕಾಟ್ಲೆಂಡಿನ ಆರನೆಯ ಜೇಮ್ಸನು ಇಂಗ್ಲೆಂಡಿಗೆ ಮೊದಲನೆಯ ಜೇಮ್ಸನಾಗಿ ಪಟ್ಟಕ್ಕೆ ಬಂದನು. ಅರಸನೊಬ್ಬನೇ ಆದರೂ ರಾಜ್ಯಗಳು ಎರಡಾಗಿಯೇ ಉಳಿದುವು; ಎರಡಕ್ಕೂ ಬೇರೆ ಬೇರೆ ಪಾರ್ಲಿಮೆಂಟುಗಳು, ಬೇರೆ ಬೇರೆ ನ್ಯಾಯಗಳು. ಹೀಗಿರಲಾಗಿ, ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು ಇಂಗ್ಲೆಂಡಿನಲ್ಲಿ ಪರದೇಶೀಯನೋ ಸ್ವದೇಶೀಯನೋ ಎಂಬ ಪ್ರಶ್ನೆಯು ಎದ್ದಿತು. ಪರದೇಶೀಯನಾದವನು ಆ ಕಾಲದ ಇಂಗ್ಲೆಂಡಿನಲ್ಲಿ ಭೂಮಿಯನ್ನು ಹೊಂದಿರಲಾಗಲಿ ಅದಕ್ಕಾಗಿ ದಾವೆ ಹೂಡಲಾಗಲಿ ಅವಕಾಶವಿರಲಿಲ್ಲ. ಆದುದರಿಂದ ಈ ಪ್ರಶ್ನೆಯು ಆಸ್ತಿಯ ಪ್ರಶ್ನೆಯೂ ಆಗಿದ್ದಿತು.

ಈ ವಿವಾದವು ೧೬೦೮ರಲ್ಲಿ ರಾಬರ್ಟ್ ಕ್ಯಾಲ್ವಿನನೆಂಬ ಮೂರು ವರ್ಷದ ಮಗುವಿನ ಹೆಸರಿನಲ್ಲಿ ತೀರ್ಮಾನಕ್ಕೆ ಬಂದಿತು. ಮಗುವು ಜೇಮ್ಸನು ಇಂಗ್ಲೆಂಡಿನ ಪಟ್ಟವನ್ನೇರಿದ ಮೇಲೆ ಎಡಿನ್‌ಬರೋ ನಗರದಲ್ಲಿ ಹುಟ್ಟಿದ್ದಿತು. ಲಂಡನ್ನಿನ ಬಳಿಯ ಭೂಮಿಯನ್ನು ತನ್ನಿಂದ ಕಿತ್ತುಕೊಳ್ಳಲಾಗಿದೆಯೆಂದು ಮಗುವಿನ ಪರವಾಗಿ ಪೋಷಕರು ದಾವೆ ಹೂಡಿದರು. ಪ್ರತಿವಾದಿಗಳು ಮಗುವು ಪರದೇಶೀಯವಾದುದರಿಂದ ದಾವೆಯೇ ನಿಲ್ಲದೆಂದರು. ವಿಚಾರಣೆಗೆ ಕುಳಿತ ಹದಿನಾಲ್ವರು ನ್ಯಾಯಾಧಿಪತಿಗಳಲ್ಲಿ ಇಬ್ಬರ ಹೊರತು ಎಲ್ಲರೂ ಮಗುವಿನ ಪರವಾಗಿ ತೀರ್ಪಿತ್ತರು.

ಈ ತೀರ್ಪನ್ನು ವರದಿಮಾಡಿದ ಸರ್ ಎಡ್ವರ್ಡ್ ಕೋಕನು ಅದರಲ್ಲಿ ಒಂದು ಸಿದ್ಧಾಂತವನ್ನೇ ಕಟ್ಟಿದನು. ನಿಷ್ಠೆಯೆಂಬುದು ಮನುಷ್ಯರು ಮಾಡಿದ ಕಾನೂನಿಗಿಂತಲೂ ಹಿಂದಿನದು. ಅದು ನಿಸರ್ಗಧರ್ಮದಿಂದ ಬಂದುದು. ಅದು ಸಲ್ಲುವುದು ರಾಜ್ಯವೆಂಬ ಕಲ್ಪಿತ ಶರೀರಕ್ಕಲ್ಲ, ರಾಜನ ಸಹಜ ಶರೀರಕ್ಕೆ. ಅರಸನು ಪ್ರಜೆಯನ್ನು ರಕ್ಷಿಸಬೇಕು, ಪ್ರಜೆಯು ಅರಸನಿಗೆ ವಿಧೇಯನಾಗಿರಬೇಕು. ಈ ಎರಡು ಧರ್ಮಗಳೂ ಪರಸ್ಪರ ಕಟ್ಟುಬಿದ್ದುವು. ಯಾವನು ಅರಸನ ಆಳ್ವಿಕೆಯ ನೆಲದಲ್ಲಿ, ಅವನ ರಕ್ಷಣೆಯಲ್ಲಿ ಹುಟ್ಟುವನೋ ಅವನು ಹುಟ್ಟಿನಿಂದಲೇ ಅವನ ಪ್ರಜೆ.

ಇದರಿಂದ ಎರಡು ಫಲಗಳು ಒದಗಿದುವು. ಜನನಸ್ಥಳವೇ ಪ್ರಜಾತ್ವಕ್ಕೆ ಪ್ರಮಾಣವಾಯಿತು; ಹುಟ್ಟಿದವನ ಕುಲ, ಭಾಷೆ, ಬಣ್ಣಗಳ ವಿಚಾರವೇ ಬರಲಿಲ್ಲ. ಎರಡನೆಯದಾಗಿ, ಈ ಕಟ್ಟು ಬಿಚ್ಚಲಾರದುದಾಯಿತು: ಒಮ್ಮೆ ಪ್ರಜೆಯಾದವನು ಸಾಯುವವರೆಗೂ ಪ್ರಜೆಯೇ, ಅವನೂ ಬಿಡಲಾರನು, ಅರಸನೂ ಬಿಡಲಾರನು. ಮುಂದಿನ ಶತಮಾನಗಳ ಚರಿತ್ರೆಯೆಲ್ಲವೂ ಈ ಎರಡು ಸೂತ್ರಗಳು ಒಂದೊಂದಾಗಿ ಸಡಿಲವಾದ ಚರಿತ್ರೆಯೆಂದು ಹೇಳಬಹುದು.

೩. ಸಂಸ್ಕಾರದ ಬಾಗಿಲು

ಹುಟ್ಟಿನಿಂದ ಪ್ರಜೆಯಲ್ಲದವನು ಪ್ರಜೆಯಾಗಲು ಆಗ ಎರಡು ಮಾರ್ಗಗಳಿದ್ದುವು. ಮೊದಲನೆಯದು ರಾಜನ ಮುದ್ರೆಯುಳ್ಳ ಸನ್ನದು. ಇದನ್ನು ಪಡೆದವನು ಭೂಮಿಯನ್ನು ಕೊಳ್ಳಬಹುದಾಗಿದ್ದಿತು, ಪಿತ್ರಾರ್ಜಿತವಾಗಿ ಪಡೆಯಲಾಗುತ್ತಿರಲಿಲ್ಲ. ಇವನು ಪರದೇಶೀಯನಿಗೂ ಸ್ವಜಾತ ಪ್ರಜೆಗೂ ನಡುವಣ ಸ್ಥಿತಿಯಲ್ಲಿರುವವನೆಂದು ಹದಿನೆಂಟನೆಯ ಶತಮಾನದ ನ್ಯಾಯವೇತ್ತನಾದ ಬ್ಲ್ಯಾಕ್‌ಸ್ಟನನು ವಿವರಿಸಿದ್ದಾನೆ. ಎರಡನೆಯದು ಪಾರ್ಲಿಮೆಂಟಿನ ಶಾಸನ. ಒಬ್ಬೊಬ್ಬನಿಗಾಗಿ, ಅಥವಾ ಕೆಲವರಿಗಾಗಿ, ಪ್ರತ್ಯೇಕವಾದ ಶಾಸನವು ಅಂಗೀಕೃತವಾಗಬೇಕಾಗಿದ್ದಿತು. ಇದು ಪೂರ್ಣವಾದ ಹಕ್ಕುಗಳನ್ನು ಕೊಡುತ್ತಿದ್ದಿತು. ಆದರೆ ವೆಚ್ಚವೂ ವಿಳಂಬವೂ ಬಹಳ.

ಈ ಎರಡನೆಯ ಮಾರ್ಗಕ್ಕೆ ೧೬೦೯ರ ಶಾಸನವು ಒಂದು ಹೊಸ ಕಟ್ಟಳೆಯನ್ನು ಹಾಕಿತು. ಪ್ರಜಾತ್ವವನ್ನು ಬೇಡುವವನು ಅದಕ್ಕೆ ಮೊದಲು ಒಂದು ತಿಂಗಳೊಳಗಾಗಿ ಪ್ರಭುಭೋಜನ ಸಂಸ್ಕಾರವನ್ನು ಸ್ವೀಕರಿಸಿರಬೇಕು. ಧರ್ಮದಲ್ಲಿಯೂ ರಾಜನೇ ಸರ್ವೋಚ್ಚನೆಂದು ಒಪ್ಪುವ ಪ್ರಮಾಣವನ್ನೂ ನಿಷ್ಠೆಯ ಪ್ರಮಾಣವನ್ನೂ ಮಾಡಬೇಕು. ಇದಕ್ಕೆ ನಾಲ್ಕು ವರ್ಷಗಳ ಹಿಂದೆ, ೧೬೦೫ರ ನವೆಂಬರ್ ೫ರಂದು, ಪಾರ್ಲಿಮೆಂಟಿನ ಭವನವನ್ನು ಸಿಡಿಮದ್ದಿನಿಂದ ಹಾರಿಸುವ ಕ್ಯಾಥೊಲಿಕ್ಕರ ಒಳಸಂಚೊಂದು ಬಯಲಾಗಿದ್ದಿತೆಂಬುದನ್ನು ನೆನೆದರೆ ಈ ಕಟ್ಟಳೆಯ ಕಾರಣವು ತಿಳಿಯುವುದು. ಆ ದಿನದ ರಾತ್ರಿ ಬೆಂಕಿಯುರಿಸಿ ಬಾಣಬಿರುಸುಗಳನ್ನು ಸುಡುವ ಆಚಾರವು ಇಂದಿಗೂ ಬ್ರಿಟನ್ನಿನಲ್ಲಿ ನಡೆದುಬಂದಿದೆ. ಪೌರತ್ವದ ಕೈಪಿಡಿಯಲ್ಲಿ ಅದರ ಉಲ್ಲೇಖವೂ ಉಂಟು. ಈ ಕಟ್ಟಳೆಯಿಂದ ಕ್ಯಾಥೊಲಿಕ್ಕರಿಗೂ ಯೆಹೂದ್ಯರಿಗೂ ಬಾಗಿಲು ಮುಚ್ಚಿದಂತಾಯಿತು. ಪ್ರಜಾತ್ವವು ನೆಲದ ಸಂಬಂಧವಾಗಿದ್ದುದು ಹೊರಗಿನಿಂದ ಬರುವವರ ಪಾಲಿಗೆ ಮತದ ಸಂಬಂಧವಾಯಿತು.

೧೬೮೫ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯು ನಾಂಟ್ ನಗರದ ಶಾಸನವನ್ನು ರದ್ದುಮಾಡಲು, ಅಲ್ಲಿಯ ಪ್ರಾಟೆಸ್ಟೆಂಟರು ಸಾವಿರಗಟ್ಟಲೆಯಾಗಿ ದೇಶಬಿಟ್ಟರು. ಹ್ಯೂಗೆನಾಟರೆಂಬ ಇವರಲ್ಲಿ ಸುಮಾರು ೫೦,೦೦೦ ಮಂದಿ ಇಂಗ್ಲೆಂಡಿಗೆ ಬಂದರೆಂದು ಅಂದಾಜು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಭಾಗದಲ್ಲಿ ಇವರ ರೇಷ್ಮೆಯ ಮಗ್ಗಗಳು ಪ್ರಸಿದ್ಧವಾದುವು. ಇಂಥವರಿಗೆ ಅನುಕೂಲವಾಗಲೆಂದು ೧೭೦೯ರಲ್ಲಿ ಪರದೇಶದ ಪ್ರಾಟೆಸ್ಟೆಂಟರೆಲ್ಲರಿಗೂ ಪ್ರಜಾತ್ವವನ್ನು ಕೊಡುವ ಸಾಮಾನ್ಯ ಶಾಸನವಾಯಿತು. ಆದರೆ ಅದೇ ವರ್ಷ ಜರ್ಮನಿಯ ರೈನ್ ನದಿಯ ಪ್ರಾಂತದಿಂದ ಸುಮಾರು ೧೩,೦೦೦ ಬಡಜನರು ಲಂಡನ್ನಿಗೆ ಬಂದಿಳಿಯಲು, ಊರಿನ ಜನರು ಬೆದರಿದರು. ೧೭೧೨ರಲ್ಲಿ ಶಾಸನವು ರದ್ದಾಯಿತು.

ಇನ್ನೊಂದು ಪ್ರಸಂಗವು ಇದಕ್ಕಿಂತಲೂ ಬೋಧಪ್ರದವಾದುದು. ಅಮೆರಿಕದ ವಸಾಹತುಗಳಲ್ಲಿ ಏಳು ವರ್ಷ ವಾಸಮಾಡಿದ ಯೆಹೂದ್ಯರಿಗೆ ಸಂಸ್ಕಾರದ ನಿಬಂಧನೆಯಿಲ್ಲದೆ ಪ್ರಜಾತ್ವವನ್ನು ೧೭೪೦ರ ಶಾಸನವೇ ಕೊಟ್ಟಿದ್ದಿತು. ಅದೇ ಸೌಕರ್ಯವನ್ನು ಇಂಗ್ಲೆಂಡಿನಲ್ಲಿರುವವರಿಗೂ ಒದಗಿಸಲು ಪೆಲ್ಹಮ್ಮನ ಮಂತ್ರಿಮಂಡಲವು ೧೭೫೩ರಲ್ಲಿ ಒಂದು ಶಾಸನವನ್ನು ಮಾಡಿತು. ಪ್ರತಿಯೊಬ್ಬನೂ ಪಾರ್ಲಿಮೆಂಟಿಗೆ ಪ್ರತ್ಯೇಕವಾಗಿ ಅರ್ಜಿ ಹಾಕಿಕೊಳ್ಳಬೇಕಾಗಿದ್ದುದರಿಂದ ಇದರ ಪ್ರಯೋಜನವನ್ನು ಪಡೆಯಬಲ್ಲವರು ಕೆಲವೇ ಮಂದಿ ಧನಿಕರು. ಆದರೂ ಕರಪತ್ರಗಳು, ವ್ಯಂಗ್ಯಚಿತ್ರಗಳು, ಧರ್ಮೋಪದೇಶಗಳು ದೇಶವನ್ನೆಲ್ಲ ಕಲಕಿದುವು. ಸಾರ್ವತ್ರಿಕ ಚುನಾವಣೆಯು ಹತ್ತಿರವಾಗಿದ್ದುದರಿಂದ ಮಂತ್ರಿಗಳು ಹೆದರಿ, ಕೆಲವೇ ತಿಂಗಳುಗಳಲ್ಲಿ ತಮ್ಮ ಶಾಸನವನ್ನು ತಾವೇ ರದ್ದುಮಾಡಿದರು. ಸಮುದ್ರದಾಚೆ ಹದಿಮೂರು ವರ್ಷ ನಿರಾತಂಕವಾಗಿ ನಡೆದುದು ಸ್ವದೇಶದಲ್ಲಿ ಹದಿಮೂರು ತಿಂಗಳೂ ಬಾಳಲಿಲ್ಲ. ಪ್ರಜಾತ್ವದ ವಿಷಯದಲ್ಲಿ ಸಂಖ್ಯೆಗಿಂತ ಭಯವೇ ಬಲವತ್ತರವೆಂಬುದಕ್ಕೆ ಇದು ಮೊದಲ ದೃಷ್ಟಾಂತ, ಕಡೆಯದಲ್ಲ.

ಇದೇ ಬಾಗಿಲಿನಿಂದ ಒಳಗೆ ಬಂದವರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಹುಟ್ಟಿದ ಸಂಗೀತಗಾರ ಹ್ಯಾಂಡೆಲನೂ ಒಬ್ಬನು. ೧೭೨೭ರ ಫೆಬ್ರವರಿಯಲ್ಲಿ ಶಾಸನದ ಮೂಲಕ ಪ್ರಜೆಯಾದ ಈತನು ಅದೇ ವರ್ಷ ಎರಡನೆಯ ಜಾರ್ಜನ ಪಟ್ಟಾಭಿಷೇಕಕ್ಕಾಗಿ ಗೀತಗಳನ್ನು ರಚಿಸಿದನು. ಅವುಗಳಲ್ಲೊಂದು ಅಂದಿನಿಂದ ಪ್ರತಿಯೊಂದು ಪಟ್ಟಾಭಿಷೇಕದಲ್ಲಿಯೂ, ೨೦೨೩ರಲ್ಲಿ ಮೂರನೆಯ ಚಾರ್ಲ್ಸನ ಪಟ್ಟಾಭಿಷೇಕದಲ್ಲಿಯೂ, ಹಾಡಲ್ಪಟ್ಟಿತು. ಬ್ರಿಟಿಷರ ಆಚಾರಗಳಲ್ಲಿ ಅತ್ಯಂತ ಸ್ವದೇಶೀಯವೆಂದು ಎಣಿಸಲ್ಪಡುವುದೊಂದು ಹೊರಗಿನಿಂದ ಬಂದ ಪ್ರಜೆಯ ಕಾಣಿಕೆಯಾಗಿರುವುದು ಗಮನಿಸತಕ್ಕುದು.

೪. ಮಂತ್ರಿಯ ಪ್ರಮಾಣಪತ್ರ

ಹತ್ತೊಂಬತ್ತನೆಯ ಶತಮಾನದಲ್ಲಿ ಮತದ ಬೇಲಿಗಳು ಒಂದೊಂದಾಗಿ ಬಿದ್ದುವು. ೧೮೨೫ರಲ್ಲಿ ಪ್ರಜಾತ್ವಕ್ಕೆ ಸಂಸ್ಕಾರದ ನಿಬಂಧನೆಯು ಹೋಯಿತು. ೧೮೨೯ರಲ್ಲಿ ಕ್ಯಾಥೊಲಿಕ್ಕರಿಗೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕು ಬಂದಿತು. ೧೮೪೭ರಲ್ಲಿಯೇ ಚುನಾಯಿತನಾಗಿದ್ದ ಲಯೊನೆಲ್ ಡಿ ರಾಥ್‌ಚೈಲ್ಡನು, ಕ್ರೈಸ್ತನಿಗೆ ಮಾತ್ರ ಒಪ್ಪುವ ಪ್ರಮಾಣವಚನವನ್ನು ಉಚ್ಚರಿಸಲಾರದೆ ಹನ್ನೊಂದು ವರ್ಷ ಕಾದು, ೧೮೫೮ರಲ್ಲಿ ತನ್ನ ಪೀಠವನ್ನು ಪಡೆದನು.

೧೮೪೪ರ ಪರದೇಶೀಯರ ಶಾಸನವು ಪ್ರಜಾತ್ವವನ್ನು ಕೊಡುವ ಅಧಿಕಾರವನ್ನು ಗೃಹಮಂತ್ರಿಗೆ ವಹಿಸಿತು. ಪಾರ್ಲಿಮೆಂಟಿಗೆ ಹೋಗದೆ, ಅರ್ಜಿಯೊಂದನ್ನು ಸಲ್ಲಿಸಿ ಪ್ರಮಾಣಪತ್ರವನ್ನು ಪಡೆಯಬಹುದಾಯಿತು. ಇದರಿಂದ ಸಾಮಾನ್ಯ ಕಸಬುದಾರನಿಗೂ ಪ್ರಜಾತ್ವವು ಎಟುಕಿತು. ಆದರೆ ಸಾರ್ವಜನಿಕವಾಗಿ ಪಾರ್ಲಿಮೆಂಟಿನಲ್ಲಿ ನಡೆಯುತ್ತಿದ್ದ ತೀರ್ಮಾನವು ಕಚೇರಿಯ ಕಡತದೊಳಕ್ಕೆ ಹೋಯಿತು. ಮಂತ್ರಿಯು ನಿರಾಕರಿಸಿದರೆ ಕಾರಣವನ್ನು ಹೇಳಬೇಕಾಗಿರಲಿಲ್ಲ. ೧೮೪೯ರಿಂದ ಲಂಡನ್ನಿನಲ್ಲಿ ವಾಸವಾಗಿದ್ದ ಕಾರ್ಲ್ ಮಾರ್ಕ್ಸನು ೧೮೭೪ರಲ್ಲಿ ಅರ್ಜಿ ಸಲ್ಲಿಸಿದಾಗ, ಅವನು ತನ್ನ ಸ್ವಂತ ರಾಜನಿಗೂ ದೇಶಕ್ಕೂ ನಿಷ್ಠನಾಗಿರಲಿಲ್ಲವೆಂಬ ಪೊಲೀಸರ ವರದಿಯ ಮೇಲೆ ಅದು ನಿರಾಕೃತವಾಯಿತು. ಇಲ್ಲಿ ಕೋಕನ ನಿಷ್ಠಾತತ್ತ್ವವು ವಿಚಿತ್ರವಾದ ಬಗೆಯಲ್ಲಿ ಮತ್ತೆ ಕಾಣಿಸಿಕೊಳ್ಳುವುದು: ಒಬ್ಬ ಅರಸನಿಗೆ ವಿಧೇಯನಾಗದವನು ಇನ್ನೊಬ್ಬ ಅರಸನಿಗೆ ವಿಧೇಯನಾಗಲಾರನೆಂಬುದು ಅದರ ಭಾವ.

೧೮೭೦ರ ಶಾಸನವು ಮಹತ್ತರವಾದುದು. ಪರದೇಶೀಯನು ಭೂಮಿಯನ್ನು ಹೊಂದಿರಬಹುದೆಂದು ಅದು ವಿಧಿಸಿತು. ಕ್ಯಾಲ್ವಿನನ ದಾವೆಗೆ ಕಾರಣವಾಗಿದ್ದ ತೊಡಕೇ ಇದರಿಂದ ನಿವಾರಣೆಯಾಯಿತು. ಐದು ವರ್ಷಗಳ ವಾಸವನ್ನು ಪ್ರಜಾತ್ವಕ್ಕೆ ನಿಬಂಧನೆಯಾಗಿ ಮಾಡಿತು. ಪ್ರಜೆಯು ಪರರಾಜ್ಯದ ಪ್ರಜಾತ್ವವನ್ನು ತನ್ನ ಇಚ್ಛೆಯಿಂದ ಸ್ವೀಕರಿಸಿದರೆ ಬ್ರಿಟಿಷ್ ಪ್ರಜಾತ್ವವು ಕಡಿದುಹೋಗುವುದೆಂದೂ ಹೇಳಿತು. ಬ್ರಿಟನ್ನಿನಿಂದಲೂ ಐರ್ಲೆಂಡಿನಿಂದಲೂ ಲಕ್ಷಾಂತರ ಜನರು ಅಮೆರಿಕಕ್ಕೆ ಹೋಗಿ ಅಲ್ಲಿಯ ಪೌರರಾಗಿದ್ದರು. ಅವರನ್ನು ಇನ್ನೂ ತನ್ನ ಪ್ರಜೆಗಳೆಂದು ಬ್ರಿಟನ್ನು ಸಾಧಿಸಹೋದುದರಿಂದ ಎರಡು ರಾಜ್ಯಗಳಿಗೂ ಅನೇಕ ವೇಳೆ ವೈಮನಸ್ಯ ಬಂದಿದ್ದಿತು. ಬಿಚ್ಚಲಾರದ ಕಟ್ಟೆಂಬ ಸೂತ್ರವು ಹೀಗೆ ಸಡಿಲವಾಯಿತು.

ಈ ಉದಾರತೆಗೆ ಒಂದು ಕಪ್ಪುಚುಕ್ಕೆಯೂ ಉಂಟು. ಪರದೇಶೀಯನನ್ನು ವಿವಾಹವಾದ ಬ್ರಿಟಿಷ್ ಸ್ತ್ರೀಯು ತನ್ನ ಪ್ರಜಾತ್ವವನ್ನು ಕಳೆದುಕೊಳ್ಳುವಳೆಂದು ಅದೇ ಶಾಸನವು ವಿಧಿಸಿತು. ೧೯೧೪ರಲ್ಲಿ ಯುದ್ಧವಾರಂಭವಾದಾಗ, ಜರ್ಮನರನ್ನು ಮದುವೆಯಾಗಿದ್ದ ಇಂಗ್ಲಿಷ್ ಹೆಂಗಸರು ತಾವು ಹುಟ್ಟಿದ ಊರಿನಲ್ಲಿಯೇ ಶತ್ರುದೇಶೀಯರೆಂದು ಪೊಲೀಸರಲ್ಲಿ ಹೆಸರು ಬರೆಯಿಸಬೇಕಾಯಿತು. ಈ ಅನ್ಯಾಯವು ಪೂರ್ಣವಾಗಿ ನಿವಾರಣೆಯಾದುದು ೧೯೪೮ರ ಶಾಸನದಿಂದ.

ಅದೇ ಯುದ್ಧಕಾಲದಲ್ಲಿ ಸರ್ ಎಡ್ಗರ್ ಸ್ಪೇಯರನ ಪ್ರಕರಣವೂ ನಡೆಯಿತು. ಜರ್ಮನ್ ಯೆಹೂದ್ಯ ಮನೆತನದ ಈತನು ಲಂಡನ್ನಿನ ನೆಲದಡಿಯ ರೈಲುಮಾರ್ಗಗಳಿಗೆ ಹಣವನ್ನೊದಗಿಸಿದವನು. ೧೮೯೨ರಲ್ಲಿ ಪ್ರಜೆಯಾಗಿ, ೧೯೦೯ರಲ್ಲಿ ರಾಜನ ಮಂತ್ರಾಲೋಚನಾ ಸಭೆಯ ಸದಸ್ಯನೂ ಆಗಿದ್ದನು. ಹೊರಗಿನಿಂದ ಬಂದ ಪ್ರಜೆಯು ಆ ಸಭೆಯಲ್ಲಿ ಕುಳಿತುಕೊಳ್ಳಲಾರನೆಂದು ೧೭೦೧ರ ಉತ್ತರಾಧಿಕಾರ ಶಾಸನವನ್ನು ಮುಂದುಮಾಡಿ ದಾವೆ ಹೂಡಲು, ೧೮೭೦ರ ಶಾಸನವು ಆ ನಿರ್ಬಂಧವನ್ನು ತೆಗೆದಿದೆಯೆಂದು ೧೯೧೬ರಲ್ಲಿ ನ್ಯಾಯಾಲಯವು ಅವನ ಪರವಾಗಿ ತೀರ್ಪುಕೊಟ್ಟಿತು. ಆದರೆ ೧೯೧೮ರಲ್ಲಿ ಪ್ರಜಾತ್ವವನ್ನು ಹಿಂದೆಗೆದುಕೊಳ್ಳುವ ಅಧಿಕಾರವನ್ನು ಸರಕಾರವು ವಿಸ್ತರಿಸಿಕೊಂಡಿತು. ೧೯೨೧ರಲ್ಲಿ ಸ್ಪೇಯರನ ಪ್ರಜಾತ್ವವೇ ರದ್ದಾಯಿತು. ಹುಟ್ಟಿನಿಂದ ಬಂದ ಪ್ರಜಾತ್ವಕ್ಕೂ ಕಾಗದದಿಂದ ಬಂದ ಪ್ರಜಾತ್ವಕ್ಕೂ ಭೇದವಿಲ್ಲವೆಂದು ಹೇಳಿದ ನ್ಯಾಯದಲ್ಲಿ ಭೇದವು ಹಾಗೆಯೇ ಉಳಿದಿದ್ದಿತೆಂಬುದು ಇದರಿಂದ ಸ್ಪಷ್ಟವಾಗುವುದು.

೫. ಸಾಮ್ರಾಜ್ಯದ ಪ್ರಜೆಗಳು

ಜನನಸ್ಥಳದ ಸೂತ್ರವು ಒಂದು ದ್ವೀಪಕ್ಕಾಗಿ ರಚಿತವಾದುದಾದರೂ, ಸಾಮ್ರಾಜ್ಯವು ಬೆಳೆದಂತೆ ಭೂಮಂಡಲದ ಕಾಲುಭಾಗಕ್ಕೆ ಹರಡಿತು. ಹಿಂದೂಸ್ಥಾನದಲ್ಲಿ ಕಂಪೆನಿಯ ಆಳ್ವಿಕೆಯು ೧೮೫೮ರಲ್ಲಿ ಕೊನೆಗಂಡು, ವಿಕ್ಟೋರಿಯಾ ರಾಣಿಯು ತನ್ನ ಇತರ ಪ್ರಜೆಗಳಿಗೆ ಸಲ್ಲುವ ಕರ್ತವ್ಯಗಳೇ ಇಲ್ಲಿಯ ಪ್ರಜೆಗಳಿಗೂ ಸಲ್ಲುವುವೆಂದು ಘೋಷಿಸಿದಳು.

ಕನ್ನಡ ನಾಡಿನಲ್ಲಿ ಈ ನ್ಯಾಯವು ಒಂದು ವಿಚಿತ್ರ ಭೇದವನ್ನು ಉಂಟುಮಾಡಿದ್ದಿತು. ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತಕ್ಕೂ, ಬಳ್ಳಾರಿ, ಮಂಗಳೂರುಗಳು ಮದರಾಸು ಪ್ರಾಂತಕ್ಕೂ ಸೇರಿದ್ದುವು; ಕೊಡಗು ೧೮೩೪ರಿಂದ ಬ್ರಿಟಿಷರ ನೇರವಾದ ಆಳ್ವಿಕೆಯಲ್ಲಿದ್ದಿತು. ಇಲ್ಲಿ ಹುಟ್ಟಿದವರು ಕೋಕನ ಸೂತ್ರದ ಪ್ರಕಾರ ಲಂಡನ್ನಿನಲ್ಲಿ ಹುಟ್ಟಿದವನಂತೆಯೇ ಸ್ವಜಾತ ಬ್ರಿಟಿಷ್ ಪ್ರಜೆಗಳು. ಮೈಸೂರು ಸಂಸ್ಥಾನದಲ್ಲಿ ಹುಟ್ಟಿದವನಾದರೋ ಮಹಾರಾಜರ ಪ್ರಜೆ. ರಾಯಚೂರು ಕಲಬುರಗಿಗಳಲ್ಲಿ ಹುಟ್ಟಿದವನು ನಿಜಾಮರ ಪ್ರಜೆ. ಇವರನ್ನು ಬ್ರಿಟಿಷ್ ನ್ಯಾಯವು 'ರಕ್ಷಿತ ವ್ಯಕ್ತಿ'ಗಳೆಂದು ಕರೆಯಿತು. ಸ್ವಜಾತ ಪ್ರಜೆಗಳೆಂದು ಒಪ್ಪಲಿಲ್ಲ. ಹೀಗೆ ತುಂಗಭದ್ರೆಯ ಒಂದು ದಡದವನಿಗೆ ರಾಜನಿಷ್ಠೆಯೂ ಇನ್ನೊಂದು ದಡದವನಿಗೆ ಬರಿಯ ರಕ್ಷಣೆಯೂ ಸಲ್ಲುತ್ತಿದ್ದುವು. ಕೋಕನು ಬೇರ್ಪಡಿಸಲಾರದುವೆಂದು ಹೇಳಿದ ಜೋಡಿಯು ಸಾಮ್ರಾಜ್ಯದ ಅನುಕೂಲಕ್ಕಾಗಿ ಇಲ್ಲಿ ಬೇರ್ಪಟ್ಟಿದ್ದಿತು.

ಸ್ವಜಾತ ಪ್ರಜೆಯೆಂಬ ಪದವಿಯು ಬರಿಯ ಹೆಸರಲ್ಲವೆಂಬುದನ್ನು ದಾದಾಭಾಯಿ ನವರೋಜಿಯವರು ತೋರಿಸಿಕೊಟ್ಟರು. ಇಂಗ್ಲಿಷ್ ಮತದಾರರು ಕರಿಯ ಮನುಷ್ಯನೊಬ್ಬನನ್ನು ಆರಿಸುವ ಕಾಲವು ಬಂದಿಲ್ಲವೆಂದು ಪ್ರಧಾನಮಂತ್ರಿ ಸ್ಯಾಲ್ಸ್‌ಬರಿ ಪ್ರಭುವು ೧೮೮೮ರಲ್ಲಿ ಇವರನ್ನು ಕುರಿತು ಆಡಿದ್ದನು. ೧೮೯೨ರಲ್ಲಿ ಲಂಡನ್ನಿನ ಮಧ್ಯ ಫಿನ್ಸ್‌ಬರಿಯ ಮತದಾರರು ಅತ್ಯಲ್ಪ ಮತಗಳ ಅಂತರದಿಂದ ಇವರನ್ನೇ ಆರಿಸಿದರು. ಇವರು ಅವೆಸ್ತಾ ಗ್ರಂಥವನ್ನು ಹಿಡಿದು ಪ್ರಮಾಣವಚನವನ್ನು ಸ್ವೀಕರಿಸಿದರು. ೧೬೦೯ರ ಸಂಸ್ಕಾರದ ಬಾಗಿಲಿನಿಂದ ಇಲ್ಲಿಯವರೆಗೆ ನಡೆದ ದಾರಿಯು ಬಹು ದೂರದ್ದು.

ಆದರೆ ಅದೇ ಪದವಿಯ ಮಿತಿಯೂ ಬೇಗನೆ ಬಯಲಾಯಿತು. ಸಾಮ್ರಾಜ್ಯಕ್ಕೆಲ್ಲ ಒಂದೇ ಪ್ರಜಾತ್ವವೆಂದು ಸಾರಿದ ಶಾಸನವು ಅಂಗೀಕೃತವಾದ ೧೯೧೪ರಲ್ಲಿಯೇ, ಕೋಮಗಾಟ ಮಾರು ಎಂಬ ಹಡಗಿನಲ್ಲಿ ೩೭೬ ಮಂದಿ ಪಂಜಾಬಿಗಳು ಕೆನಡಾ ದೇಶದ ವ್ಯಾಂಕೂವರ್ ಬಂದರಿಗೆ ಹೋದರು. ಒಂದೇ ಅರಸನ ಪ್ರಜೆಗಳಾಗಿದ್ದರೂ ಅವರಲ್ಲಿ ಬಹುಮಂದಿಯನ್ನು ಇಳಿಯಗೊಡದೆ, ಎರಡು ತಿಂಗಳು ಬಂದರಿನಲ್ಲಿಯೇ ತಡೆದು ಹಿಂದಕ್ಕೆ ಕಳುಹಲಾಯಿತು. ಪ್ರಜಾತ್ವವು ಸಾಮಾನ್ಯವಾದರೂ ಪ್ರವೇಶದ ಹಕ್ಕು ಸಾಮಾನ್ಯವಲ್ಲವೆಂಬ ಪಾಠವು ಆಗಲೇ ಕಲಿಸಲ್ಪಟ್ಟಿತು. ಆ ೧೯೧೪ರ ಶಾಸನವೇ ಸದ್ಗುಣವನ್ನೂ ಇಂಗ್ಲಿಷ್ ಭಾಷೆಯ ಸಾಕಷ್ಟು ಜ್ಞಾನವನ್ನೂ ಪ್ರಜಾತ್ವಕ್ಕೆ ನಿಬಂಧನೆಗಳನ್ನಾಗಿ ಮಾಡಿತು. ಇಂದಿನ ಪರೀಕ್ಷೆಯ ಬೀಜವು ಅಲ್ಲಿದೆ.

೬. ರಕ್ಷಣೆಯ ಭಂಗ

ಕೆನಡಾ ದೇಶವು ೧೯೪೬ರಲ್ಲಿ ತನ್ನದೇ ಪೌರತ್ವವನ್ನು ಶಾಸನಮಾಡಿಕೊಳ್ಳಲು, ಏಕರೂಪವಾದ ಹಳೆಯ ಪ್ರಜಾತ್ವವು ನಿಲ್ಲಲಾರದಾಯಿತು. ೧೯೪೮ರ ಬ್ರಿಟಿಷ್ ರಾಷ್ಟ್ರೀಯತಾ ಶಾಸನವು 'ಸಂಯುಕ್ತ ರಾಜ್ಯ ಮತ್ತು ವಸಾಹತುಗಳ ಪೌರ' ಎಂಬ ಹೊಸ ಪದವಿಯನ್ನು ನಿರ್ಮಿಸಿತು. ಬ್ರಿಟನ್ನಿನ ಈ ನ್ಯಾಯದಲ್ಲಿ ಪ್ರಜೆಯ ಪಕ್ಕದಲ್ಲಿ ಪೌರನು ಬಂದು ನಿಂತದ್ದು ಆಗಲೇ. ಲಂಡನ್ನಿನವನಿಗೂ ಜಮೈಕಾದವನಿಗೂ ನೈರೋಬಿಯವನಿಗೂ ಇದೊಂದೇ ಪದವಿ. ಸ್ವತಂತ್ರವಾದ ಹಿಂದೂಸ್ಥಾನದ ಪೌರರೂ ಕಾಮನ್‌ವೆಲ್ತಿಗೆ ಸೇರಿದವರಾಗಿ ಬ್ರಿಟನ್ನಿಗೆ ಹೋಗಿ ನೆಲಸಬಹುದಾಗಿದ್ದಿತು. ಭಾರತವು ಗಣರಾಜ್ಯವಾದರೂ ಕಾಮನ್‌ವೆಲ್ತಿನಲ್ಲಿ ಉಳಿಯಬಹುದೆಂದು ೧೯೪೯ರ ಏಪ್ರಿಲ್ ತಿಂಗಳ ಲಂಡನ್ ಘೋಷಣೆಯಿಂದ ನಿಶ್ಚಿತವಾದುದರ ಒಂದು ಫಲವು ಇಂದಿಗೂ ಉಳಿದಿದೆ: ಬ್ರಿಟನ್ನಿನಲ್ಲಿ ನ್ಯಾಯವಾಗಿ ನೆಲಸಿರುವ ಭಾರತದ ಪೌರನು ಬ್ರಿಟಿಷ್ ಪೌರನಾಗದೆಯೇ ಅಲ್ಲಿಯ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಹಾಕಬಹುದು.

೧೯೪೮ರ ಜೂನ್ ೨೨ರಂದು ಎಂಪೈರ್ ವಿಂಡ್‌ರಷ್ ಎಂಬ ಹಡಗು ವೆಸ್ಟ್ ಇಂಡೀಸ್ ದ್ವೀಪಗಳ ನೂರಾರು ಮಂದಿಯನ್ನು ಟಿಲ್ಬರಿ ಬಂದರಿಗೆ ತಂದಿತು. ಅನಂತರದ ವರ್ಷಗಳಲ್ಲಿ ಹಿಂದೂಸ್ಥಾನ ಪಾಕಿಸ್ತಾನಗಳಿಂದಲೂ ಜನರು ಬಂದರು. ಯುದ್ಧದಿಂದ ಜರ್ಜರಿತವಾದ ದೇಶದ ಆಸ್ಪತ್ರೆಗಳು, ರೈಲ್ವೆಗಳು, ಬಟ್ಟೆಯ ಗಿರಣಿಗಳು ಇವರ ದುಡಿಮೆಯನ್ನು ಪಡೆದುವು. ಆದರೂ ೧೯೬೨ರ ಶಾಸನವು ಕಾಮನ್‌ವೆಲ್ತಿನವರ ಪ್ರವೇಶಕ್ಕೆ ಮೊದಲ ಬಾರಿಗೆ ಕಟ್ಟುಹಾಕಿತು.

ಈ ಚರಿತ್ರೆಯಲ್ಲಿ ಅತ್ಯಂತ ವಿಷಾದಕರವಾದುದು ೧೯೬೮ರ ಪ್ರಕರಣ. ಕೀನ್ಯಾ ದೇಶವು ೧೯೬೩ರಲ್ಲಿ ಸ್ವತಂತ್ರವಾದಾಗ ಅಲ್ಲಿ ನೆಲಸಿದ್ದ ಹಿಂದೂಸ್ಥಾನ ಮೂಲದವರಲ್ಲಿ ಬಹುಮಂದಿ ಆ ಹೊಸ ರಾಜ್ಯದ ಪೌರತ್ವವನ್ನು ತೆಗೆದುಕೊಳ್ಳದೆ, ಸಂಯುಕ್ತ ರಾಜ್ಯದ ಪೌರರಾಗಿಯೇ ಉಳಿದಿದ್ದರು. ಬ್ರಿಟಿಷ್ ಸರಕಾರದ ರಹದಾರಿಯೇ ಅವರ ಕೈಯಲ್ಲಿದ್ದಿತು. ಕೀನ್ಯಾದಲ್ಲಿ ವ್ಯಾಪಾರಕ್ಕೂ ಉದ್ಯೋಗಕ್ಕೂ ಅಡ್ಡಿಗಳು ಹೆಚ್ಚಲು ಅವರು ಬ್ರಿಟನ್ನಿಗೆ ಬರತೊಡಗಿದರು. ಆಗ ಗೃಹಮಂತ್ರಿಯಾಗಿದ್ದ ಜೇಮ್ಸ್ ಕ್ಯಾಲಹನ್ನನು ತಂದ ಮಸೂದೆಯು ಒಂದು ವಾರದೊಳಗೆ ಎರಡು ಸಭೆಗಳಲ್ಲಿಯೂ ಅಂಗೀಕೃತವಾಗಿ ೧೯೬೮ರ ಮಾರ್ಚ್ ೧ರಂದು ಶಾಸನವಾಯಿತು. ತಾನಾಗಲಿ, ತಂದೆತಾಯಿಯರಲ್ಲಾಗಲಿ ಅಜ್ಜಅಜ್ಜಿಯರಲ್ಲಾಗಲಿ ಒಬ್ಬರಾಗಲಿ ಬ್ರಿಟನ್ನಿನಲ್ಲಿ ಹುಟ್ಟಿರುವುದೇ ಮೊದಲಾದ ಸಂಬಂಧವಿಲ್ಲದ ಪೌರನಿಗೆ ಒಳಗೆ ಬರುವ ಹಕ್ಕಿಲ್ಲವೆಂದು ಅದು ವಿಧಿಸಿತು. ಶಾಸನದಲ್ಲಿ ಬಣ್ಣದ ಮಾತಿಲ್ಲ. ಆದರೆ ಅಜ್ಜನ ಊರನ್ನು ಕೇಳಿದುದರ ಪರಿಣಾಮವು ಬಣ್ಣವನ್ನು ಕೇಳಿದುದರ ಪರಿಣಾಮಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಈ ವ್ಯವಹಾರದಲ್ಲಿ ಮಾನಹಾನಿಕರವಾದ ನಡವಳಿಕೆಯಿದ್ದಿತೆಂದು ಯುರೋಪಿನ ಮಾನವಹಕ್ಕುಗಳ ಆಯೋಗವು ೧೯೭೩ರಲ್ಲಿ ಅಭಿಪ್ರಾಯಪಟ್ಟಿತು.

ಕೋಕನ ಸಿದ್ಧಾಂತಕ್ಕೆ ಇದರಿಂದ ಆದ ಭಂಗವು ಯಾವ ಪರಿಯದೆಂದು ವಿಚಾರಮಾಡಬೇಕು. ಪ್ರಜೆಯು ತನ್ನ ಕಡೆಯ ಕಟ್ಟನ್ನು ಬಿಚ್ಚಿರಲಿಲ್ಲ. ಬಿಚ್ಚಿದುದು ರಕ್ಷಣೆಯ ಕಡೆಯ ಕಟ್ಟು. ಬಾಗಿಲು ತೆರೆಯದ ಮನೆಯ ರಹದಾರಿಯು ರಹದಾರಿಯೆಂಬ ಹೆಸರಿಗೆ ತಕ್ಕುದಲ್ಲ. ೧೯೭೧ರ ಶಾಸನವು ಈ ಭೇದವನ್ನು ಸ್ಥಿರಪಡಿಸಿತು. ೧೯೭೨ರಲ್ಲಿ ಉಗಾಂಡಾದಿಂದ ಹೊರದೂಡಲ್ಪಟ್ಟ ಹಿಂದೂಸ್ಥಾನ ಮೂಲದವರಲ್ಲಿ ಸುಮಾರು ೨೮,೦೦೦ ಮಂದಿಯನ್ನು ಬ್ರಿಟನ್ನು ಒಳಕ್ಕೆ ತೆಗೆದುಕೊಂಡಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

೧೯೮೩ರ ಜನವರಿ ೧ರಿಂದ ಜಾರಿಗೆ ಬಂದ ೧೯೮೧ರ ಶಾಸನವು 'ಬ್ರಿಟಿಷ್ ಪೌರ'ನೆಂಬ ಇಂದಿನ ಪದವಿಯನ್ನು ನಿರ್ಮಿಸಿತು. ಜೊತೆಗೆ ಪ್ರವೇಶದ ಹಕ್ಕಿಲ್ಲದ ಬೇರೆ ಬಗೆಯ ಪೌರತ್ವಗಳನ್ನೂ ನಿರ್ಮಿಸಿತು. ಅಂದಿನಿಂದ ಬ್ರಿಟನ್ನಿನ ನೆಲದಲ್ಲಿ ಹುಟ್ಟಿದುದು ಮಾತ್ರವೇ ಸಾಲದು. ತಂದೆತಾಯಿಯರಲ್ಲಿ ಒಬ್ಬರಾದರೂ ಬ್ರಿಟಿಷ್ ಪೌರರಾಗಿಯೋ ಅಲ್ಲಿ ಖಾಯಮ್ಮಾಗಿ ನೆಲಸಿದವರಾಗಿಯೋ ಇರಬೇಕು. ಕ್ಯಾಲ್ವಿನನೆಂಬ ಮಗುವಿನ ಕಾಲದಿಂದ ೩೭೫ ವರ್ಷ ನಡೆದುಬಂದ ಜನನಸ್ಥಳದ ಸೂತ್ರವು ಹೀಗೆ ಮುಗಿಯಿತು. ಬೇರೆ ರಾಷ್ಟ್ರೀಯತೆಯಿಲ್ಲದೆ ಉಳಿದ ಸಾಗರೋತ್ತರ ಪೌರರಿಗೆ ನೋಂದಣಿಯ ಮೂಲಕ ಪೂರ್ಣ ಪೌರತ್ವವನ್ನು ಪಡೆಯುವ ಅವಕಾಶವನ್ನು ೨೦೦೨ರ ಶಾಸನವು ಕೊಟ್ಟಿತು. ೧೯೬೮ರ ತಪ್ಪಿಗೆ ಅದು ತಡವಾಗಿ ಬಂದ ಪ್ರಾಯಶ್ಚಿತ್ತ.

೭. ಪರೀಕ್ಷೆಯೂ ಪ್ರತಿಜ್ಞೆಯೂ

ಅದೇ ೨೦೦೨ರ ಶಾಸನವು ಪೌರತ್ವಕ್ಕೆ ಎರಡು ಹೊಸ ಅಂಗಗಳನ್ನು ಸೇರಿಸಿತು. ಒಂದು, ಬ್ರಿಟನ್ನಿನ ಜೀವನವನ್ನು ಕುರಿತ ಜ್ಞಾನದ ಪರೀಕ್ಷೆ. ಇನ್ನೊಂದು, ಪೌರತ್ವದ ಸಮಾರಂಭ. ರಾಜ್ಯಶಾಸ್ತ್ರಜ್ಞನಾದ ಸರ್ ಬರ್ನಾರ್ಡ್ ಕ್ರಿಕ್ಕನ ಅಧ್ಯಕ್ಷತೆಯ ಸಮಿತಿಯು ಪರೀಕ್ಷೆಯ ಸ್ವರೂಪವನ್ನು ಕುರಿತು ೨೦೦೩ರಲ್ಲಿ ಸಲಹೆಯಿತ್ತಿತು. ೨೦೦೪ರ ಫೆಬ್ರವರಿಯಲ್ಲಿ ಲಂಡನ್ನಿನ ಬ್ರೆಂಟ್ ಭಾಗದಲ್ಲಿ ಮೊದಲ ಸಮಾರಂಭವು ನಡೆಯಿತು. ೨೦೦೫ರ ನವೆಂಬರ್ ೧ರಿಂದ ಪರೀಕ್ಷೆಯು ಆರಂಭವಾಯಿತು.

ಈಗಿನ ಕ್ರಮದಲ್ಲಿ ಅಭ್ಯರ್ಥಿಯು ೪೫ ನಿಮಿಷಗಳಲ್ಲಿ ೨೪ ಪ್ರಶ್ನೆಗಳಿಗೆ ಉತ್ತರಿಸಿ, ೧೮ಕ್ಕಾದರೂ ಸರಿಯುತ್ತರವನ್ನು ಕೊಡಬೇಕು. ಮೊದಲ ಕೈಪಿಡಿಯಲ್ಲಿ ಚರಿತ್ರೆಯ ಅಧ್ಯಾಯವಿದ್ದರೂ ಅದರಿಂದ ಪ್ರಶ್ನೆ ಕೇಳುತ್ತಿರಲಿಲ್ಲ. ವೈದ್ಯನಲ್ಲಿ ಹೆಸರು ಬರೆಯಿಸುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಮೊದಲಾದ ನಿತ್ಯವ್ಯವಹಾರಕ್ಕೆ ಪ್ರಾಧಾನ್ಯವಿದ್ದಿತು. ೨೦೧೩ರ ಮೂರನೆಯ ಆವೃತ್ತಿಯಲ್ಲಿ ಇದು ತಲೆಕೆಳಗಾಗಿ, ಚರಿತ್ರೆಯೂ ಸಂಸ್ಕೃತಿಯೂ ಮುಂದೆ ಬಂದುವು. ೧೨೧೫ರ ಮಹಾಸನ್ನದು, ೧೬೮೯ರ ಹಕ್ಕುಗಳ ಶಾಸನ, ೧೭೦೭ರಲ್ಲಿ ಇಂಗ್ಲೆಂಡು ಸ್ಕಾಟ್ಲೆಂಡುಗಳ ಐಕ್ಯ, ೧೮೩೨ರ ಸುಧಾರಣಾ ಶಾಸನ, ಸ್ತ್ರೀಯರಿಗೆ ೧೯೧೮ರಲ್ಲಿ ಭಾಗಶಃ, ೧೯೨೮ರಲ್ಲಿ ಪುರುಷರೊಡನೆ ಸಮವಾಗಿ ದೊರೆತ ಮತಾಧಿಕಾರ. ವೇಲ್ಸಿನ ಸಂತ ಡೇವಿಡನ ದಿನವಾದ ಮಾರ್ಚ್ ೧, ಐರ್ಲೆಂಡಿನ ಸಂತ ಪ್ಯಾಟ್ರಿಕ್ಕನ ದಿನವಾದ ಮಾರ್ಚ್ ೧೭, ಇಂಗ್ಲೆಂಡಿನ ಸಂತ ಜಾರ್ಜನ ದಿನವಾದ ಏಪ್ರಿಲ್ ೨೩, ಸ್ಕಾಟ್ಲೆಂಡಿನ ಸಂತ ಆಂಡ್ರೂವಿನ ದಿನವಾದ ನವೆಂಬರ್ ೩೦. ಇಂಥವುಗಳೆಲ್ಲವೂ ಅಭ್ಯರ್ಥಿಯು ಅರಿಯಬೇಕಾದ ವಿಷಯಗಳು. ಒಂದೇ ಗ್ರಂಥದಲ್ಲಿ ಬರೆದಿಟ್ಟ ರಾಜ್ಯಾಂಗವಿಲ್ಲದ ದೇಶದಲ್ಲಿ ರಾಜ್ಯಾಂಗವನ್ನು ಕಲಿಯುವುದೆಂದರೆ ಚರಿತ್ರೆಯನ್ನು ಕಲಿಯುವುದೇ ಆಗಿದೆ. ಆ ಮಟ್ಟಿಗೆ ಚರಿತ್ರೆಗೆ ಕೊಟ್ಟ ಸ್ಥಾನವು ಯುಕ್ತವೆನ್ನಬೇಕು.

ಆದರೆ ಆಕ್ಷೇಪಗಳು ಅಲ್ಪವಲ್ಲ. ಹುಟ್ಟಿನಿಂದ ಪೌರರಾದವರಲ್ಲಿ ಅನೇಕರು ಈ ಪ್ರಶ್ನೆಗಳಿಗೆ ಉತ್ತರಿಸಲಾರರೆಂಬುದು ಲೋಕಾರೂಢಿಯ ಮಾತು. ಪ್ರಭುಸಭೆಯ ಸಮಿತಿಗಳು ೨೦೧೮ರಲ್ಲಿಯೂ ೨೦೨೨ರಲ್ಲಿಯೂ ಪರೀಕ್ಷೆಯನ್ನು ಟೀ​ಕಿಸಿದುವು. ೨೦೨೦ರಲ್ಲಿ ನೂರಕ್ಕೂ ಮಿಕ್ಕ ಇತಿಹಾಸಕಾರರು, ದಾಸ್ಯಪದ್ಧತಿಯನ್ನೂ ಸಾಮ್ರಾಜ್ಯದ ಅಂತ್ಯವನ್ನೂ ಕೈಪಿಡಿಯು ವಿವರಿಸಿರುವ ರೀತಿಯು ಸತ್ಯಕ್ಕೆ ದೂರವೆಂದು ಬಹಿರಂಗಪತ್ರವನ್ನು ಬರೆದರು. ಈ ಆಕ್ಷೇಪಕ್ಕೆ ವಿಶೇಷ ತೂಕವುಂಟು. ಪೌರತ್ವವನ್ನು ಬೇಡುವವರಲ್ಲಿ ಬಹುಮಂದಿ ಆ ಸಾಮ್ರಾಜ್ಯದ ಹಿಂದಿನ ಪ್ರಜೆಗಳ ಮಕ್ಕಳು ಮೊಮ್ಮಕ್ಕಳು. ತಮ್ಮ ಮನೆಯ ಹಿರಿಯರಿಂದ ಕೇಳಿದ ಚರಿತ್ರೆಯನ್ನು ಬದಿಗಿಟ್ಟು ಬೇರೊಂದನ್ನು ಸರಿಯುತ್ತರವೆಂದು ಗುರುತುಹಾಕಬೇಕಾಗಿ ಬಂದರೆ, ಅದು ಜ್ಞಾನದ ಪರೀಕ್ಷೆಯೆನಿಸದೆ ೧೬೦೯ರ ಸಂಸ್ಕಾರದಂಥ ಒಪ್ಪಿಗೆಯ ಪರೀಕ್ಷೆಯಾಗುವ ಅಪಾಯವಿದೆ.

ಪರೀಕ್ಷೆಯ ತರುವಾಯ ಸಮಾರಂಭ. ಅಲ್ಲಿ ಅಭ್ಯರ್ಥಿಯು ರಾಜನಿಗೂ ಅವನ ಉತ್ತರಾಧಿಕಾರಿಗಳಿಗೂ ನ್ಯಾಯಾನುಸಾರವಾಗಿ ನಿಷ್ಠನಾಗಿರುವೆನೆಂದು ದೇವರ ಹೆಸರಿನಲ್ಲಿ ಪ್ರಮಾಣಮಾಡುವನು, ಅಥವಾ ದೇವರ ಹೆಸರಿಲ್ಲದೆ ದೃಢವಚನವನ್ನು ಕೊಡುವನು. ಅನಂತರ ದೇಶದ ಹಕ್ಕುಗಳನ್ನೂ ಸ್ವಾತಂತ್ರ್ಯಗಳನ್ನೂ ಗೌರವಿಸಿ, ಪ್ರಜಾಪ್ರಭುತ್ವದ ಮೌಲ್ಯಗಳನ್ನು ಎತ್ತಿಹಿಡಿದು, ಕಾನೂನುಗಳನ್ನು ಪಾಲಿಸುವೆನೆಂದು ಪ್ರತಿಜ್ಞೆಮಾಡುವನು. ಮೊದಲನೆಯದು ಪ್ರಜೆಯ ಮಾತು, ಎರಡನೆಯದು ಪೌರನ ಮಾತು. ಹಳೆಯದನ್ನು ಕೆಡಹದೆ ಅದರ ಪಕ್ಕದಲ್ಲಿ ಹೊಸದನ್ನು ಕಟ್ಟುವ ಬ್ರಿಟಿಷರ ರಾಜ್ಯಾಂಗಸ್ವಭಾವವು ಈ ಸಣ್ಣ ಸಮಾರಂಭದಲ್ಲಿಯೂ ಕಾಣುವುದು. ಅಲ್ಲಿ ನಿಂತ ಭಾರತೀಯನಿಗಾದರೋ ಇನ್ನೊಂದು ನ್ಯಾಯವೂ ಅನ್ವಯಿಸುವುದು: ಭಾರತದ ರಾಜ್ಯಾಂಗವೂ ಪೌರತ್ವದ ಶಾಸನವೂ ಎರಡು ಪೌರತ್ವಗಳನ್ನು ಒಪ್ಪದುದರಿಂದ, ಬ್ರಿಟಿಷ್ ಪೌರನಾದ ಕೂಡಲೆ ಅವನ ಭಾರತೀಯ ಪೌರತ್ವವು ಹೋಗುವುದು.

೮. ಉಪಸಂಹಾರ

ಮೇಲಿನ ವಿಚಾರದಿಂದ ಬ್ರಿಟಿಷ್ ಪ್ರಜಾತ್ವದ ಬಾಗಿಲಲ್ಲಿ ಕ್ರಮವಾಗಿ ನಾಲ್ಕು ಪ್ರಮಾಣಗಳು ನಿಂತುದು ಕಂಡುಬರುವುದು: ನೆಲ, ಮತ, ನಡತೆ, ಜ್ಞಾನ. ಇವುಗಳಲ್ಲಿ ಮತವು ಬಿದ್ದುಹೋಯಿತು, ನೆಲವು ಅರ್ಧವಾಯಿತು, ನಡತೆಯೂ ಜ್ಞಾನವೂ ಉಳಿದುವು. ಅಜ್ಜನ ಊರೆಂಬ ಐದನೆಯ ಪ್ರಮಾಣವು ನಡುವೆ ಬಂದು ಹಳೆಯ ಪ್ರಜೆಗಳನ್ನೇ ಹೊರಗಿಟ್ಟಿತು.

೨೦೧೮ರಲ್ಲಿ ಬಯಲಾದ ಅನ್ಯಾಯವೊಂದು ಈ ಚರಿತ್ರೆಯ ಪಾಠವನ್ನು ಮತ್ತೊಮ್ಮೆ ಕಲಿಸಿತು. ೧೯೭೩ಕ್ಕೆ ಮೊದಲು ವೆಸ್ಟ್ ಇಂಡೀಸ್ ಮುಂತಾದ ಕಡೆಗಳಿಂದ ಬಂದು ನೆಲಸಿದವರಿಗೆ ಅಲ್ಲಿಯೇ ಇರುವ ಹಕ್ಕನ್ನು ೧೯೭೧ರ ಶಾಸನವೇ ಕೊಟ್ಟಿದ್ದರೂ, ಆ ಹಕ್ಕಿಗೆ ಅವರಲ್ಲಿ ಬಹುಮಂದಿಗೆ ಕಾಗದವನ್ನು ಕೊಟ್ಟಿರಲಿಲ್ಲ. ಅವರು ಬಂದಿಳಿದಾಗಿನ ಚೀಟಿಗಳನ್ನು ಸರಕಾರವೇ ೨೦೧೦ರಲ್ಲಿ ನಾಶಮಾಡಿದ್ದಿತು. ಬಾಲ್ಯದಿಂದ ಅಲ್ಲಿಯೇ ಬಾಳಿದ ಮುದುಕರು ಕಾಗದವಿಲ್ಲದ ಕಾರಣ ಉದ್ಯೋಗವನ್ನೂ ಮನೆಯನ್ನೂ ಚಿಕಿತ್ಸೆಯನ್ನೂ ಕಳೆದುಕೊಂಡರು. ಕೆಲವರು ದೇಶದಿಂದಲೇ ಕಳುಹಲ್ಪಟ್ಟರು. ಗೃಹಮಂತ್ರಿಯು ರಾಜೀನಾಮೆ ಕೊಟ್ಟಳು. ಸರಕಾರವು ಕ್ಷಮೆ ಕೇಳಿತು. ಇವರಲ್ಲಿ ನಿಷ್ಠೆಗೆ ಕೊರತೆಯಿರಲಿಲ್ಲ, ನಡತೆಗೆ ಕೊರತೆಯಿರಲಿಲ್ಲ, ಆ ದೇಶದ ಆಚಾರಗಳ ಜ್ಞಾನಕ್ಕೂ ಕೊರತೆಯಿರಲಿಲ್ಲ. ರಾಜ್ಯವು ತನ್ನ ಕಡೆಯ ಲೆಕ್ಕವನ್ನು ಇಟ್ಟಿರಲಿಲ್ಲ.

ರಕ್ಷಣೆಯೂ ವಿಧೇಯತೆಯೂ ಪರಸ್ಪರ ಕಟ್ಟುಬಿದ್ದುವೆಂಬ ೧೬೦೮ರ ಮಾತು ರಾಜನ ಸಹಜ ಶರೀರವನ್ನು ನಂಬಿದ ಕಾಲದ ಮಾತಾದರೂ ಅದರ ತಿರುಳು ಹಳತಾಗಿಲ್ಲ. ಪೌರನಾಗಬಯಸುವವನನ್ನು ರಾಜ್ಯವು ತನ್ನ ಚರಿತ್ರೆಯಲ್ಲಿ ಪರೀಕ್ಷಿಸುವುದು ಅನುಚಿತವಲ್ಲ. ಅದೇ ಚರಿತ್ರೆಯಲ್ಲಿ ರಾಜ್ಯವೂ ಪರೀಕ್ಷೆಗೆ ಒಳಗಾಗಿದೆಯೆಂಬುದನ್ನು ಪಠ್ಯವು ಮರೆಯಿಸಬಾರದು. ಕ್ಯಾಲ್ವಿನನ ತೀರ್ಪಿನ ಜೊತೆಗೆ ೧೭೫೩ನ್ನೂ ೧೯೬೮ನ್ನೂ ಓದಿದ ಅಭ್ಯರ್ಥಿಯು ತಾನು ಸೇರಲಿರುವ ದೇಶವನ್ನು ಹೆಚ್ಚು ಸರಿಯಾಗಿ ಅರಿತವನಾಗುವನು.